ಡಿಕ್ಕಿಯ ನಂತರ ಮಿಯಾಟಾದ ಮೂತಿ ನೇರವಾದದ್ದು

ಪೋರ್ಟ್‌ಲ್ಯಾಂಡಿನ ಮಳೆಯಲ್ಲಿ ಜಾರಿ ಕಂಬಕ್ಕೆ ಗುದ್ದಿದ ನನ್ನ 1990ರ ಮಾಜ್ದಾ ಮಿಯಾಟಾ ಕಾರಿನ ಬಾನೆಟ್ ಮುಚ್ಚುತ್ತಲೇ ಇರಲಿಲ್ಲ. ಮೋಟಾರಿನಿಂದ ಮೇಲೆದ್ದು ತೆರೆಯುವ ಹೆಡ್‌ಲೈಟ್‌ಗಳಲ್ಲಿ ಎಡಗಡೆಯದು ಅರ್ಧಕ್ಕೇ ನಿಂತಿತ್ತು. ಬಾನೆಟ್ಟಿನ ಕೀಲುಗಳನ್ನು ಸಡಿಲಿಸಿ ಹೊಂದಿಸಲು ಹೋಗಿ ಎರಡು ದಿನ ಕಳೆದೆ. ದೋಷ ಅಲ್ಲಿರಲಿಲ್ಲ. ಬಂಪರ್ ಬಿಚ್ಚಿ ಎಂಜಿನ್ ಕೋಣೆಯನ್ನು ಮೂಲೆಯಿಂದ ಮೂಲೆಗೆ ಅಳೆದಾಗ ಒಂದು ಕರ್ಣ ಇನ್ನೊಂದಕ್ಕಿಂತ 11 ಮಿಲಿಮೀಟರ್ ಚಿಕ್ಕದಿತ್ತು: ರೇಡಿಯೇಟರ್ ಹಿಡಿದಿಡುವ ಚೌಕಟ್ಟು ಒಳಗೆ ಬಾಗಿತ್ತು.

ಸರಪಳಿ ಕಟ್ಟಿ ಸ್ವಲ್ಪ ಸ್ವಲ್ಪವೇ ಎಳೆದೆ, ಪ್ರತಿ ಸಲವೂ ಅಳೆದೆ. ಎಳೆದ ಉಕ್ಕು ತುಸು ಹಿಂದಕ್ಕೆ ಮರಳುತ್ತದೆ. ಹಾಗಾಗಿ ಬೇಕಾದುದಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ ಎಳೆಯಬೇಕು. ಬಾನೆಟ್ ಅಲ್ಯೂಮಿನಿಯಂನದು, ಉಕ್ಕಿನಂತೆ ಬಡಿದರೆ ಹಿಗ್ಗಿ ಬಿರಿಯುತ್ತದೆ. ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದೆ. ಕೊನೆಗೆ ಹೆಡ್‌ಲೈಟ್ ಮೋಟಾರಿನ ಗುಬಟನ್ನು ಕೈಯಿಂದ ತಿರುಗಿಸಿದಾಗ ಆ ಕಣ್ಣು ಪೂರ್ತಿ ತೆರೆಯಿತು.