ಗುಂಗುರು ಕೂದಲನ್ನು ಒಣಗಿದಾಗ ಬಾಚಬೇಡಿ

ನಮ್ಮ ಮೈಸೂರು, ಮಂಡ್ಯ ಕಡೆ ಗುಂಗುರು ಕೂದಲಿನ ಹುಡುಗಿಯರಿಗೆ ಮನೆಯಲ್ಲಿ ಸಿಗುವ ಬುದ್ಧಿಮಾತು ಒಂದೇ. ಚೆನ್ನಾಗಿ ಎಣ್ಣೆ ಹಾಕು, ಎಳೆದು ಬಾಚು, ಬಿಗಿಯಾಗಿ ಜಡೆ ಹಾಕು. ಒಣ ಕೂದಲನ್ನು ಹಾಗೆ ಎಳೆದರೆ ಸುರುಳಿ ಬಿಟ್ಟುಕೊಂಡು ಪೊದೆ ಆಗುತ್ತದೆ, ಎಳೆ ತುಂಡಾಗುತ್ತದೆ, ಆಮೇಲೆ ಇವಳ ಕೂದಲೇ ಸರಿಯಿಲ್ಲ ಅನ್ನುತ್ತಾರೆ. ಪಾಪ, ಕೂದಲು ಏನು ಮಾಡಿದೆ?

ನೆತ್ತಿಯಲ್ಲಿ ಬರುವ ಜಿಡ್ಡು ನೇರ ಕೂದಲಲ್ಲಿ ಸಲೀಸಾಗಿ ತುದಿವರೆಗೆ ಇಳಿಯುತ್ತದೆ, ಸುರುಳಿಯಲ್ಲಿ ಇಳಿಯುವುದು ಕಷ್ಟ. ಅದಕ್ಕೇ ಬುಡ ಜಿಡ್ಡು, ತುದಿ ಒರಟು. ದಿನಾ ತಲೆಸ್ನಾನ ಬೇಡ, ವಾರಕ್ಕೆ ಒಂದೆರಡು ಸಲ ಸಾಕು. ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಇದು ಕೂದಲಿನ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ. ಬರೀ ಹರಳೆಣ್ಣೆ ಹಾಕಬೇಡಿ, ಅದು ತುಂಬಾ ಮಂದ, ತೆಗೆಯುವುದಕ್ಕೆ ಎರಡೆರಡು ಸಲ ಉಜ್ಜಬೇಕಾಗುತ್ತದೆ.

ಸೀಗೆಕಾಯಿ ಇಷ್ಟವಿದ್ದರೆ ಬಳಸಿ, ಆದರೆ ಪುಡಿಯನ್ನು ಹಾಗೇ ತಲೆಗೆ ಉಜ್ಜಬೇಡಿ. ಬಿಸಿನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಆ ನೀರನ್ನು ಬುಡಕ್ಕೆ ಹಾಕಿ. ಕಣ್ಣಿಗೆ ಬಿದ್ದರೆ ಜೋರಾಗಿ ಉರಿಯುತ್ತದೆ, ಜೋಪಾನ.

ಇನ್ನು ನೀರಿನ ವಿಷಯ. ನಿಮ್ಮ ಮನೆಯದು ಬೋರ್‌ವೆಲ್ ನೀರಾಗಿ, ಹಂಡೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ಅದೇ ಸುಣ್ಣದ ಅಂಶ ಕೂದಲ ಮೇಲೂ ಕೂರುತ್ತದೆ. ಎಷ್ಟು ಒಳ್ಳೆಯ ಕಂಡೀಷನರ್ ಹಾಕಿದರೂ ಕೂದಲು ಬಿರುಸಾಗೇ ಇರುವುದಕ್ಕೆ ಎಷ್ಟೋ ಮನೆಗಳಲ್ಲಿ ಇದೇ ಕಾರಣ. ಕೊನೆಯ ಒಂದು ಬಕೆಟ್ ಆದರೂ ಕಾವೇರಿ ನೀರೋ ಮಳೆನೀರೋ ಇರಲಿ. ಅದೂ ಇಲ್ಲ ಅಂದರೆ ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ವಿನೆಗರ್ ಬೆರೆಸಿ ಸುರಿದುಕೊಂಡು, ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ತಿಂಗಳಿಗೆ ಎರಡು ಸಲ ಸಾಕು, ಜಾಸ್ತಿ ಬೇಡ.

ಸಿಕ್ಕು ಬಿಡಿಸುವುದು ಕಂಡೀಷನರ್ ತಲೆಯಲ್ಲಿರುವಾಗಲೇ. ಅಗಲ ಹಲ್ಲಿನ ಸಿಕ್ಕಣಿಗೆ ತಗೊಂಡು ತುದಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲೆ ಹೋಗಿ. ಕಂಡೀಷನರ್ ಇಲ್ಲವಾ? ಹಿತ್ತಲಲ್ಲಿ ದಾಸವಾಳದ ಗಿಡ ಇದ್ದರೆ ಎಲೆ ಕಿವುಚಿ ಲೋಳೆ ತೆಗೆದು ಸೋಸಿಕೊಳ್ಳಿ, ಬೆರಳು ಚೆನ್ನಾಗಿ ಜಾರುತ್ತದೆ.

ಸುರುಳಿ ನಿಲ್ಲಿಸಲು ನನಗೆ ತುಂಬಾ ಇಷ್ಟವಾದದ್ದು ಅಗಸೆ ಬೀಜದ ಜೆಲ್. ಬೀಜ ಮೈಸೂರಿನ ಸಂತೇಪೇಟೆ ಅಂಗಡಿಗಳಲ್ಲಿ ಸಿಗುತ್ತದೆ, ನಿಮ್ಮ ಬೀದಿಯ ದಿನಸಿ ಅಂಗಡಿಯಲ್ಲೂ ಕೇಳಿ ನೋಡಿ. ಕಾಲು ಕಪ್ ಬೀಜ, ಎರಡು ಕಪ್ ನೀರು. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ. ಏಳೆಂಟು ನಿಮಿಷದಲ್ಲಿ ಮೊಟ್ಟೆಯ ಬಿಳಿಯ ಹಾಗೆ ಎಳೆ ಬರಲು ಶುರುವಾಗುತ್ತದೆ, ಆಗಲೇ ಇಳಿಸಿಬಿಡಿ. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು, ತಣ್ಣಗಾದ ಮೇಲೆ ಬೀಜಕ್ಕೆ ಅಂಟಿಕೊಂಡು ಬರುವುದೇ ಇಲ್ಲ. ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ಹುಳಿ ವಾಸನೆ ಬಂದರೆ ಚೆಲ್ಲಿ, ಉಳಿಸಿಕೊಳ್ಳಬೇಡಿ.

ಜೆಲ್ ಹಚ್ಚುವಾಗ ಕೂದಲಿಂದ ನೀರು ತೊಟ್ಟಿಕ್ಕುತ್ತಿರಬೇಕು. ತಲೆ ಬಗ್ಗಿಸಿ, ತುದಿಯಿಂದ ಬುಡದ ಕಡೆಗೆ ಅಂಗೈಯಲ್ಲಿ ಹಿಡಿದು ಹಿಂಡಿ. ಟರ್ಕಿ ಟವೆಲ್‌ನಲ್ಲಿ ಉಜ್ಜಬೇಡಿ, ಹಳೆಯ ಪಂಚೆಯೋ ಕಾಟನ್ ಟೀ ಶರ್ಟೋ ಸುತ್ತಿಕೊಳ್ಳಿ. ಪೂರ್ತಿ ಒಣಗುವವರೆಗೆ ಮುಟ್ಟಬೇಡಿ, ಆಸೆಯಾದರೂ ಮುಟ್ಟಬೇಡಿ. ಒಣಗಿದಾಗ ಕೂದಲು ಗಟ್ಟಿ ಗಟ್ಟಿ ಅನ್ನಿಸುತ್ತದೆ, ಆಗ ಕೈಯಿಂದ ಮೆಲ್ಲಗೆ ಹಿಸುಕಿದರೆ ಮೆತ್ತಗಾಗಿ ಸುರುಳಿ ಬಿಡಿ ಬಿಡಿಯಾಗಿ ಬೀಳುತ್ತದೆ.

ರಾತ್ರಿ ನೆತ್ತಿ ಮೇಲೆ ಸಡಿಲವಾಗಿ ಗಂಟು ಹಾಕಿ, ನಯವಾದ ರೇಷ್ಮೆ ಬಟ್ಟೆ ಕಟ್ಟಿಕೊಂಡು ಮಲಗಿ. ಬೆಳಗ್ಗೆ ಬಾಚಣಿಗೆ ಬೇಡ, ಕೈಗೆ ನೀರು ಮುಟ್ಟಿಸಿ ಸುರುಳಿ ಹಿಂಡಿದರೆ ಸಾಕು.

ಮದುವೆಗೋ ದಸರಾಕ್ಕೋ ಹೊರಟಿದ್ದೀರಾ? ಕೂದಲು ಒದ್ದೆ ಇರುವಾಗಲೇ ಬೈತಲೆ ತೆಗೆದು, ಕಿವಿ ಪಕ್ಕದ ಎರಡು ಎಳೆ ಹಿಂದಕ್ಕೆ ಹೊಸೆದು ಪಿನ್ ಮಾಡಿ, ಉಳಿದದ್ದನ್ನು ಬಿಟ್ಟುಬಿಡಿ. ಒಣಗಿದ ಮೇಲೆ ಆ ಪಿನ್ ಕೆಳಗೆ ಒಂದು ಮೊಳ ಮೈಸೂರು ಮಲ್ಲಿಗೆ ಸಿಕ್ಕಿಸಿ, ಸುರುಳಿಯಲ್ಲಿ ಹೂವು ಜಾರುವುದಿಲ್ಲ. ಜಡೆಯೇ ಬೇಕು ಅಂದರೆ ಸಡಿಲವಾಗಿ ಹಾಕಿ. ಮಕ್ಕಳಿಗಂತೂ ಹಣೆ ಅಂಚಿನ ಕೂದಲು ಬಿಗಿಯಾಗಿ ಎಳೆದು ಕಟ್ಟಲೇಬೇಡಿ. ವರ್ಷಗಟ್ಟಲೆ ಹಾಗೆ ಎಳೆದ ಜಾಗದಲ್ಲಿ ಕೂದಲು ಮತ್ತೆ ಬರದೇ ಹೋಗಬಹುದು.