ಗುಜರಿಗೆ ಹೊರಟಿದ್ದ ಐಪಾಡ್‌ನಲ್ಲಿ ಫ್ಲ್ಯಾಕ್

"ಭಾವ, ಅದನ್ನ ಗುಜರಿಗೆ ಹಾಕಿ" ಅಂದಿದ್ದ ನನ್ನ ಬಾಮೈದ, ಹಾಡು ಕೇಳುವ ನನ್ನ ಹಳೇ ಐಪಾಡ್ ನೋಡಿ. ಮೊನ್ನೆ ಮಂಡ್ಯದಿಂದ ಮೈಸೂರಿಗೆ ರೈಲಲ್ಲಿ ಬರುವಾಗ ಅದರ ಇಯರ್‌ಫೋನ್ ಅವನ ಕಿವಿಗೇ ಸಿಕ್ಕಿಸಿದೆ. ಪಾಂಡವಪುರ ದಾಟಿತು, ಶ್ರೀರಂಗಪಟ್ಟಣ ದಾಟಿತು, ವಾಪಸ್ ಕೊಡಲಿಲ್ಲ.

ಐದನೇ ತಲೆಮಾರಿನ 30 ಜಿಬಿ ಐಪಾಡ್ ಅದು. ಅದರ ಸ್ವಂತ ಸಾಫ್ಟ್‌ವೇರ್‌ಗೆ ಆಪಲ್ ಲಾಸ್‌ಲೆಸ್ ಗೊತ್ತು, ಫ್ಲ್ಯಾಕ್ ಗೊತ್ತಿಲ್ಲ. ಎರಡೂ ಲಾಸ್‌ಲೆಸ್, ಅಂದರೆ ಸದ್ದಿನಲ್ಲಿ ಏನೂ ಕಳೆಯದೆ ಫೈಲನ್ನು ಒತ್ತಿ ಚಿಕ್ಕದು ಮಾಡುವ ಬಗೆಗಳು. ನನ್ನಲ್ಲಿರುವುದೆಲ್ಲ ಫ್ಲ್ಯಾಕ್. ಹಾಗಾಗಿ ರಾಕ್‌ಬಾಕ್ಸ್, ಅಂದರೆ ಐಪಾಡ್‌ನ ಸ್ವಂತ ಸಾಫ್ಟ್‌ವೇರ್ ಬದಲು ಹಾಕಿಕೊಳ್ಳುವ, ಫ್ಲ್ಯಾಕ್ ನುಡಿಸಬಲ್ಲ ಉಚಿತ ಸಾಫ್ಟ್‌ವೇರ್.

ಹಾರ್ಡ್ ಡಿಸ್ಕ್ ಟಕ್ ಟಕ್ ಅಂದು ಎರಡೇ ವಾರದಲ್ಲಿ ಸತ್ತಿತು. ಡಿಸ್ಕಿನ ಜಾಗದಲ್ಲಿ ಮೆಮೊರಿ ಕಾರ್ಡ್ ಕೂರಿಸುವ ಎಸ್‌ಡಿ ಅಡಾಪ್ಟರ್ ತರಿಸಿದೆ, ಎರಡು ಸಾವಿರದ ಹತ್ತಿರ. 128 ಜಿಬಿ ಕಾರ್ಡ್ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಿದೆ. ಸ್ವಲ್ಪ ತುಂಬಿದ ಮೇಲೆ ಹಾಡೆಲ್ಲ ಗೊರಗೊರ. ಕಾರ್ಡಿನ ನಿಜವಾದ ಅಳತೆ ಪರೀಕ್ಷಿಸುವ ಎಫ್3 ಅನ್ನೋ ಪ್ರೋಗ್ರಾಂ ಓಡಿಸಿದರೆ ಅಸಲಿಗೆ 8 ಜಿಬಿ! 900 ರೂಪಾಯಿ ನೀರಿಗೆ. ಅಂಗಡಿಯವನು "ಬಿಲ್ ಎಲ್ಲಿ ಸಾರ್?" ಅಂದ.

ಒಳ್ಳೇ ಕಾರ್ಡ್ ಹಾಕಿದರೂ ರಾಕ್‌ಬಾಕ್ಸ್ ಏಳಲಿಲ್ಲ. ಎರಡು ರಾತ್ರಿ ರಿಬ್ಬನ್ ಕೇಬಲ್ ಬಿಚ್ಚಿ ಹಾಕಿ, ಅಡಾಪ್ಟರನ್ನೇ ಬೈದೆ. ತಪ್ಪು ನನ್ನದೇ. ಗೆಳೆಯನ ಮ್ಯಾಕ್ ಕಂಪ್ಯೂಟರಿನಲ್ಲಿ ಐಪಾಡನ್ನು ರಿಸ್ಟೋರ್ ಮಾಡಿ, ಅಂದರೆ ಅಳಿಸಿ ಹೊಸದಾಗಿ ಸಜ್ಜುಗೊಳಿಸಿದ್ದೆ. ಅದು ಕಾರ್ಡನ್ನು ಮ್ಯಾಕ್ ಬಗೆಯಲ್ಲಿ ಫಾರ್ಮ್ಯಾಟ್ ಮಾಡುತ್ತದೆ. ರಾಕ್‌ಬಾಕ್ಸ್‌ಗೆ ಫ್ಯಾಟ್32 ಎಂಬ ಫಾರ್ಮ್ಯಾಟ್ ಬೇಕು. ವಿಂಡೋಸ್‌ನಲ್ಲಿ ಮಾಡಿದ ಮೇಲೆ ಹತ್ತೇ ನಿಮಿಷ.

ಅದೇ ಹುರುಪಿನಲ್ಲಿ ಅಪ್ಪನ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಲು ಕೈ ಹಾಕಿದೆ. ರೇಡಿಯೋದಿಂದ ಹಿಡಿದಿಟ್ಟ ಕಛೇರಿಗಳು, ಸುಮಾರು 40. ಒಂದು ಗಂಟೆಯ ವೇವ್ (ಒತ್ತದ ಕಚ್ಚಾ ಫೈಲು) 600 ಎಂಬಿ ಮೇಲೆ, ಫ್ಲ್ಯಾಕ್ ಮಾಡಿದರೂ 400ರ ಆಸುಪಾಸು. ಅತಿ ಹೆಚ್ಚು ಒತ್ತುವ ಲೆವೆಲ್ 8 ಕೊಟ್ಟರೂ ಇಳಿದದ್ದು ಚೂರೇ ಚೂರು. ಕಳ್ಳ ಯಾರು ಅಂದ್ರೆ ಟೇಪಿನ ಸುಯ್ ಸದ್ದು. ಫ್ಲ್ಯಾಕ್ ಸದ್ದಿನ ಹಿಂದಿನ ಅಳತೆಗಳಿಂದ ಮುಂದಿನ ಅಳತೆಯನ್ನು ಊಹಿಸಿ, ಊಹೆ ತಪ್ಪಿದಷ್ಟನ್ನು ಮಾತ್ರ ಬರೆದಿಡುತ್ತದೆ. ಸುಯ್ ಅನ್ನುವುದನ್ನು ಯಾರು ಊಹಿಸುತ್ತಾರೆ? ಆಗಿನ ರೇಡಿಯೋ ಹೇಗೂ ಮೋನೋ, ಅಂದರೆ ಒಂದೇ ಚಾನೆಲ್, ಅಲ್ವಾ, ಎರಡೂ ಚಾನೆಲ್ ಸೇರಿಸಿ ಒಂದು ಮಾಡಿದೆ. ಸೈಜು ಅರ್ಧಕ್ಕಿಳಿಯಿತು, ಸುಯ್ಯೂ ಸ್ವಲ್ಪ ತಗ್ಗಿತು. ಆದರೆ ಟೇಪನ್ನು ಓದುವ ಹೆಡ್ ಓರೆಯಿದ್ದರೆ ಎರಡು ಚಾನೆಲ್ ಒಂದಕ್ಕೊಂದು ಹೊಂದದೆ, ಸೇರಿಸಿದಾಗ ತಂಬೂರಿ ಮಂಕಾಗುತ್ತದೆ. ಹೆಡ್ಡಿನ ಸ್ಕ್ರೂ ಎಲ್ಲಿ ನಿಲ್ಲಿಸಬೇಕು ಅಂತ ನಾನು ಕಂಡುಕೊಂಡ ದಾರಿ ಒಂದಿದೆ. ಅದನ್ನು ಹೇಳುವುದಿಲ್ಲ, ಮೂರು ತಿಂಗಳು ಸವೆಸಿದ್ದೇನೆ.

ಯಾರೋ ಕೊಟ್ಟ ಮಂಕೀಸ್ ಆಡಿಯೋ (ಇನ್ನೊಂದು ಲಾಸ್‌ಲೆಸ್ ಬಗೆ) ಫೈಲುಗಳನ್ನೂ ಹಾಕಿ ನೋಡಿದೆ. ಎಕ್ಸ್‌ಟ್ರಾ ಹೈ ಅನ್ನೋ ಬಿಗಿ ಮಟ್ಟದಲ್ಲಿ ಒತ್ತಿದವು ತೊದಲಿದವು, ಬ್ಯಾಟರಿ ನುಂಗಿದವು. ಸುಮ್ನೆ ಫ್ಲ್ಯಾಕ್‌ಗೆ ತಿರುಗಿಸಿದೆ. ಲಾಸ್‌ಲೆಸ್‌ನಿಂದ ಲಾಸ್‌ಲೆಸ್‌ಗೆ ಹೋದರೆ ಏನೂ ಕಳೆಯುವುದಿಲ್ಲವಲ್ಲ.

ಒಟ್ಟು ಐದು ಸಾವಿರ ದಾಟಿತು, ನಕಲಿ ಕಾರ್ಡೂ ಸೇರಿ. ಸೋತದ್ದು ಕನ್ನಡ ಹೆಸರುಗಳಲ್ಲಿ. ಪರದೆಯ ಮೇಲೆ ಸರಿಯಾಗಿ ಮೂಡಲೇ ಇಲ್ಲ. ಕೊನೆಗೆ ಕ್ಯಾಸೆಟ್ ನಂಬರನ್ನೇ ಹೆಸರಾಗಿ ಇಟ್ಟೆ. ಅಪ್ಪನಿಗೆ ಅದೇ ಸಲೀಸು. ಸಂಜೆಯಾದರೆ "27 ಹಾಕೋ" ಅನ್ನುತ್ತಾರೆ.