ಒಂದು ಭಾನುವಾರವನ್ನು ರೇಡಿಯೊಗೆ ಬಿಟ್ಟುಕೊಡುವುದು ಹೇಗೆ?

ಬೇಕಾದ ರಾಗ ಬೇಕೆಂದಾಗ ಮೊಬೈಲ್‌ನಲ್ಲೇ ಸಿಗುವಾಗ ರೇಡಿಯೊ ಹಿಡಿದು ಕೂರುವುದೇಕೆ ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಒಮ್ಮೆ ಕಲ್ಯಾಣಿ ಕೇಳಿದವನಿಗೆ ಮೊಬೈಲ್ ಮತ್ತೆ ಮತ್ತೆ ಕಲ್ಯಾಣಿಯನ್ನೇ ಬಡಿಸುತ್ತದೆ. ರೇಡಿಯೊ ಪಂಕ್ತಿಯ ಊಟ. ಎಲೆಗೆ ಬಿದ್ದದ್ದನ್ನು ಉಣ್ಣಬೇಕು. ಹಾಗಲಕಾಯಿ ಗೊಜ್ಜಿನ ಹಿಂದೆಯೇ ಒಬ್ಬಟ್ಟು ಬರಬಹುದು, ನಡುವೆ ಎದ್ದು ಹೋದವನಿಗೆ ಸಿಗುವುದಿಲ್ಲ. ಒಂದಿಡೀ ದಿನ ಸಂಗೀತಕ್ಕೂ ಭಾಷಣಗಳಿಗೂ ಕಿವಿಗೊಟ್ಟು ಕೂರುವ ಆಸೆಯಿದ್ದವರು ಹೀಗೆ ಮಾಡಿ ನೋಡಬಹುದು.

ಹಿಂದಿನ ದಿನವೇ ಸೆಟ್ಟು, ಜಾಗ

ಆಕಾಶವಾಣಿಯ ವಾಹಿನಿಗಳು ಮೊಬೈಲ್ ಆ್ಯಪ್‌ನಲ್ಲೂ ಸಿಗುತ್ತವೆ, ಡಿಟಿಎಚ್‌ನಲ್ಲೂ ಕೆಲವು ಬರುತ್ತವೆ. ಸೆಟ್ಟಿಲ್ಲದವರು ಅದರಲ್ಲೇ ಕೇಳಲಿ, ತಪ್ಪಿಲ್ಲ. ಒಂದು ಎಚ್ಚರಿಕೆ ಮಾತ್ರ: ಆ್ಯಪ್‌ನ ಧ್ವನಿ ಗಾಳಿಯಲ್ಲಿ ಬರುವುದಕ್ಕಿಂತ ಅಷ್ಟಿಷ್ಟು ತಡವಾಗಿ ತಲುಪುತ್ತದೆ. ಅಡುಗೆಮನೆಯಲ್ಲಿ ಸೆಟ್ಟು, ಪಡಸಾಲೆಯಲ್ಲಿ ಮೊಬೈಲ್ ಎರಡನ್ನೂ ಹಚ್ಚಿಟ್ಟರೆ ಒಂದೇ ಆಲಾಪನೆ ತನ್ನ ಬೆನ್ನನ್ನು ತಾನೇ ಅಟ್ಟಿಸಿಕೊಂಡು ಓಡಾಡುತ್ತದೆ.

ಸೆಟ್ಟು ಇದ್ದವರಿಗೆ ಮಧ್ಯಮ ತರಂಗವನ್ನು (ಮೀಡಿಯಂ ವೇವ್) ಹಿಡಿಯುವುದೇ ನಿಜವಾದ ಕೆಲಸ. ಬೆಂಗಳೂರು 612 ಕಿಲೊಹರ್ಟ್ಸ್, ಧಾರವಾಡ 765. ಮೀಟರ್ ಲೆಕ್ಕದ ಹಳೆಯ ಸೆಟ್ಟಾದರೆ ಮುಳ್ಳನ್ನು ಸುಮಾರು 490ಕ್ಕೆ, ಇಲ್ಲವೇ 392ಕ್ಕೆ ತನ್ನಿ. ಸ್ಟೇಷನ್ ಸರಿಯಾಗಿ ಸಿಗದಿದ್ದಾಗ ನಾವೆಲ್ಲರೂ ಮಾಡುವ ಮೊದಲ ಕೆಲಸ ಹಿಂದಿನ ಉದ್ದನೆಯ ಏರಿಯಲ್ ಕಡ್ಡಿಯನ್ನು ಎಳೆಯುವುದು. ಅದರಿಂದ ಏನೂ ಆಗುವುದಿಲ್ಲ. ಆ ಕಡ್ಡಿ ಎಫ್‌ಎಂಗೆ, ಶಾರ್ಟ್‌ವೇವ್‌ಗೆ. ಮಧ್ಯಮ ತರಂಗವನ್ನು ಹಿಡಿಯುವುದು ಸೆಟ್ಟಿನ ಒಳಗೆ ಅಡ್ಡಲಾಗಿ ಮಲಗಿರುವ, ತಂತಿ ಸುತ್ತಿದ ಫೆರೈಟ್ ಸರಳು. ಸರಳಿನ ಮಗ್ಗುಲು ಪ್ರಸಾರ ಕೇಂದ್ರದ ಕಡೆಗಿದ್ದರೆ ಧ್ವನಿ ಗಟ್ಟಿ, ತುದಿ ಆ ಕಡೆಗಿದ್ದರೆ ಕ್ಷೀಣ. ಆದ್ದರಿಂದ ಏರಿಯಲ್ ಬಿಡಿ, ಇಡೀ ಸೆಟ್ಟನ್ನೇ ಬುಗುರಿಯಂತೆ ಮೆಲ್ಲಗೆ ತಿರುಗಿಸಿ. ಒಂದು ಮಗ್ಗುಲಲ್ಲಿ ಗೊರಗೊರ ಸದ್ದು ಅಡಗಿ ತಂಬೂರಿ ಮೇಲೇಳುತ್ತದೆ. ಅಲ್ಲಿಗೆ ನಿಲ್ಲಿಸಿ, ಮೇಜಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಧೂಳು ಒರೆಸಲು ಬಂದವರು ತಿರುಗಿಸಿಟ್ಟರೂ ಮರುದಿನ ಪರದಾಡಬೇಕಿಲ್ಲ.

ಗೊರಗೊರ ಎನ್ನುವುದು ಎಷ್ಟೋ ಸಲ ಮನೆಯೊಳಗಿನ ಶತ್ರುವೇ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್ ಇವನ್ನು ಒಂದೊಂದಾಗಿ ಆರಿಸಿ ನೋಡಿ, ಕಳ್ಳ ತಾನಾಗಿ ಸಿಕ್ಕಿಬೀಳುತ್ತಾನೆ. ಕಾಂಕ್ರೀಟ್ ಕಟ್ಟಡದ ನಡುಮನೆಯಲ್ಲಿ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಸೆಟ್ಟನ್ನು ಕಿಟಕಿಯ ಬಳಿಗೆ ಒಯ್ಯಿರಿ. ಪ್ಲಗ್ಗಿನ ವಿದ್ಯುತ್ತಿಗಿಂತ ಸೆಲ್ ಹಾಕಿ ಕೇಳಿದರೆ ಧ್ವನಿ ಇನ್ನೂ ನಿರ್ಮಲ.

ಯಾವ ಸ್ಟೇಷನ್?

ಸಂಗೀತವೊಂದೇ ಸಾಕು ಎನ್ನುವವರಿಗೆ 2016ರ ಜನವರಿ 26ರಂದು ಬೆಂಗಳೂರಿನಿಂದ ಆರಂಭವಾದ ಆಕಾಶವಾಣಿಯ ‘ರಾಗಂ’ ವಾಹಿನಿ ಇದೆ. ಹಗಲೂ ರಾತ್ರಿ ಕರ್ನಾಟಕಿ, ಹಿಂದೂಸ್ತಾನಿ ಎರಡೂ. ಆದರೆ ದಿನವಿಡೀ ಬರಿಯ ಸಂಗೀತ ಕೇಳಿದರೆ ಮಧ್ಯಾಹ್ನದ ಹೊತ್ತಿಗೆ ಕಿವಿ ಮೊಂಡಾಗುತ್ತದೆ. ನಡುನಡುವೆ ಮಾತು ಬೇಕು, ಅದಕ್ಕೆ ನಿಮ್ಮ ಊರಿನ ಕೇಂದ್ರಕ್ಕೇ ಬರಬೇಕು. ಮೈಸೂರಿನವರು ಎಫ್‌ಎಂ 100.6ಕ್ಕೆ ತಿರುಗಿಸುವಾಗ ನೆನೆಯಬೇಕಾದ ಸಂಗತಿಯೊಂದಿದೆ: 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಶುರು ಮಾಡಿದಾಗ ಇದ್ದದ್ದು 30 ವಾಟ್‌ನ ಪ್ರಸಾರ ಯಂತ್ರ. ನಮ್ಮ ಬಚ್ಚಲುಮನೆಯ ಹಳೆಯ ಬಲ್ಬೇ ಅದಕ್ಕಿಂತ ಹೆಚ್ಚು ವಿದ್ಯುತ್ ನುಂಗುತ್ತಿತ್ತು. ದೇಶಕ್ಕೆಲ್ಲ ಆದ ‘ಆಕಾಶವಾಣಿ’ ಎಂಬ ಹೆಸರು ಹೊರಟಿದ್ದು ಆ ಮನೆಯಿಂದ.

ಬೆಳಗ್ಗೆ ಎದ್ದು

ಆರಕ್ಕೆ ಮೊದಲೇ ಸೆಟ್ಟು ಹಚ್ಚಿ, ಸಂಕೇತ ಸಂಗೀತದಿಂದಲೇ ದಿನ ತೊಡಗಲಿ. ತಂಬೂರಿಯ ಮೇಲೆ ಪಿಟೀಲು ಏರುವ ಆ ರಾಗವನ್ನು ಕಟ್ಟಿದವರು ವಾಲ್ಟರ್ ಕೌಫ್‌ಮನ್. ಯುರೋಪಿನಲ್ಲಿ ಯಹೂದ್ಯರಿಗೆ ನೆಲೆ ತಪ್ಪುತ್ತಿದ್ದ ದಿನಗಳಲ್ಲಿ ಮುಂಬೈಗೆ ಬಂದು, ಅಲ್ಲಿನ ರೇಡಿಯೊ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದವರು.

ಆಮೇಲೆ ಉದ್ಘೋಷಕರು ದಿನದ ಮುಖ್ಯ ಕಾರ್ಯಕ್ರಮಗಳನ್ನು ಓದುತ್ತಾರೆ. ಪೆನ್ಸಿಲು, ಹಾಳೆ ಕೈಯಲ್ಲಿರಲಿ. ಗಾಯನ ಯಾರದು, ಭಾಷಣ ಎಷ್ಟು ಹೊತ್ತಿಗೆ ಎಂದು ಬರೆದುಕೊಂಡು, ಸ್ನಾನ, ತಿಂಡಿ, ಅಂಗಡಿಯ ಕೆಲಸಗಳನ್ನು ನಡುವಿನ ಸಂದುಗಳಿಗೆ ತುಂಬಿಸಿ. ರೇಡಿಯೊವನ್ನು ನಿಲ್ಲಿಸಿ ಮುಂದುವರಿಸಲು ಬರುವುದಿಲ್ಲ. ಹಾಲಿನವರನ್ನು ಬಾಗಿಲಲ್ಲಿ ಎರಡು ನಿಮಿಷ ಕಾಯಿಸಬಹುದು.

6.55ರ ಸಂಸ್ಕೃತ ವಾರ್ತೆ ಅರ್ಥವಾಗದಿದ್ದರೂ ಕೇಳಿ. ‘ಇಯಂ ಆಕಾಶವಾಣೀ’ ಎಂಬುದನ್ನು ಕೇಳುತ್ತಲೇ ಶಾಲೆಗೆ ಹೊರಟ ತಲೆಮಾರುಗಳಿವೆ.

ಕಛೇರಿ ಕೇಳುವಾಗ

ರೇಡಿಯೊ ಕಛೇರಿಯಲ್ಲಿ ಮುಖವಿಲ್ಲ, ಚಪ್ಪಾಳೆಯಿಲ್ಲ, ಪ್ರಕಟಣೆಯೇ ಎಲ್ಲ. ರಾಗ, ತಾಳ, ರಚನೆ, ಪಕ್ಕವಾದ್ಯದವರ ಹೆಸರು ಮೊದಲ ಅರ್ಧ ನಿಮಿಷದಲ್ಲಿ ಬಂದುಹೋಗುತ್ತವೆ. ಅದು ತಪ್ಪಿದರೆ ಬೇಸರ ಬೇಡ, ನಿಜಕ್ಕೂ ಒಳ್ಳೆಯ ಆಟ ಅಲ್ಲಿಂದಲೇ ಶುರು. ರಾಗ ಯಾವುದೆಂದು ನೀವೇ ಊಹಿಸಿ, ಹಾಳೆಯಲ್ಲಿ ಬರೆಯಿರಿ, ಕೊನೆಯ ಪ್ರಕಟಣೆಯವರೆಗೆ ಕಾಯಿರಿ. ನಾನು ವರ್ಷಗಟ್ಟಲೆ ಆರಭಿಯನ್ನು ದೇವಗಾಂಧಾರಿ ಎಂದೂ ದೇವಗಾಂಧಾರಿಯನ್ನು ಆರಭಿ ಎಂದೂ ಬರೆದಿದ್ದೇನೆ. ಎರಡೂ ಒಂದೇ ಏರುಮೆಟ್ಟಿಲ, ಅಂದರೆ ಒಂದೇ ಆರೋಹಣದ ಅಕ್ಕತಂಗಿಯರು. ಆರಭಿ ಚುರುಕಿನವಳು, ಗಾಂಧಾರ ಸ್ವರದಲ್ಲಿ ನಿಲ್ಲುವುದಿಲ್ಲ. ದೇವಗಾಂಧಾರಿಗೆ ಅವಸರವಿಲ್ಲ, ಎಳೆದು ತೂಗಿ ನಡೆಯುತ್ತಾಳೆ. ಈ ವ್ಯತ್ಯಾಸ ನನಗೆ ತಿಳಿದದ್ದು ಪಾಠದಿಂದಲ್ಲ, ತಪ್ಪು ಬರೆದ ಹಾಳೆಗಳಿಂದ.

ಹಿಂದೂಸ್ತಾನಿ ಕೇಳುಗರಿಗೆ ಗಡಿಯಾರವೂ ಸುಳಿವು ಕೊಡುತ್ತದೆ. ಬೆಳಗಿಗೆ ಭೈರವ್, ತೋಡಿ. ಬಿಸಿಲೇರಿದ ಮೇಲೆ ಸಾರಂಗದ ಬಗೆಗಳು. ಸಂಜೆಗೆ ಮಾರ್ವಾ, ಪೂರಿಯಾ. ದೀಪ ಹಚ್ಚಿದ ಮೇಲೆ ಯಮನ್. ರಾತ್ರಿ ಏರಿದಂತೆ ಬಾಗೇಶ್ರೀ, ದರಬಾರಿ, ಮಾಲಕಂಸ್. ಕಛೇರಿ ಸಭೆಗಳು ಸಂಜೆಯಷ್ಟೇ ನಡೆಯುವುದರಿಂದ ಬೆಳಗಿನ, ನಡುಹಗಲಿನ ರಾಗಗಳಿಗೆ ವೇದಿಕೆ ಕಡಿಮೆ. ರೇಡಿಯೊದಲ್ಲಿ ಅವು ತಮ್ಮ ಹೊತ್ತಿಗೇ ಬರುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ ಚಾಪೆ ಹಾಸಿಕೊಂಡು ಬೃಂದಾವನಿ ಸಾರಂಗ ಕೇಳದವರು ಒಮ್ಮೆ ಕೇಳಬೇಕು.

ಪಕ್ಕವಾದ್ಯಕ್ಕೂ ಕಿವಿಯಿರಲಿ. ಹಿಂದೂಸ್ತಾನಿ ಗಾಯನದ ಹಿಂದೆ ಇಂದು ಸಹಜವಾಗಿ ಕೇಳುವ ಹಾರ್ಮೋನಿಯಂಗೆ 1940ರಿಂದ ಮೂರು ದಶಕ ಆಕಾಶವಾಣಿಯ ಬಾಗಿಲು ಮುಚ್ಚಿತ್ತು. ಅದರ ಕಟ್ಟಿಟ್ಟ ಸ್ವರಗಳಿಂದ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಎಳೆತ, ಹೊರಡುವುದಿಲ್ಲ ಎಂಬುದು ಆಕ್ಷೇಪಗಳಲ್ಲಿ ಒಂದು. ಆಕ್ಷೇಪದಲ್ಲಿ ಹುರುಳಿತ್ತು, ಆದರೆ ನಿಷೇಧ ಅತಿಯಾಯಿತು ಎಂದೇ ನನ್ನ ಅನಿಸಿಕೆ.

ಭಾಷಣಕ್ಕೆ ಬೇರೆಯದೇ ಶಿಸ್ತು

ಸಂಗೀತ ಕೇಳುತ್ತ ಹುರುಳಿಕಾಯಿ ಹೆಚ್ಚಬಹುದು. ಭಾಷಣಕ್ಕೆ ಅದು ಒಗ್ಗುವುದಿಲ್ಲ. ಹತ್ತು ನಿಮಿಷದ ಮಾತಿನಲ್ಲಿ ಒಂದು ವಾಕ್ಯ ಕುಕ್ಕರ್ ಸೀಟಿಗೆ ಬಲಿಯಾದರೆ ಮುಂದಿನದು ಅರ್ಥವಾಗುವುದಿಲ್ಲ. ಮಿಕ್ಸಿ, ಕುಕ್ಕರ್ ಎರಡನ್ನೂ ಮೊದಲೇ ಮುಗಿಸಿ, ಕೂತು ಕೇಳಿ. ‘ಚಿಂತನ’ದಂತಹ ಐದು ನಿಮಿಷದ ಮಾತುಗಳಿಂದ ಆರಂಭಿಸಿದರೆ ಅಭ್ಯಾಸ ಸುಲಭ. ಬಾನುಲಿಯ ಮಾತು ಬರೆದು ಓದಿದ್ದಾದರೂ ಎದುರು ಕೂತು ಆಡಿದಂತೆ ಕೇಳಿಸಬೇಕು. ವಾಕ್ಯ ಉದ್ದವಾದರೆ ಕೇಳುಗನ ಉಸಿರು ಕಟ್ಟುತ್ತದೆ. ಕನ್ನಡದ ದೊಡ್ಡ ಲೇಖಕರು ಈ ವಿದ್ಯೆಗೆ ಕೈಹಚ್ಚಿದ್ದರು. ಬೇಂದ್ರೆಯವರು ಧಾರವಾಡ ಕೇಂದ್ರದ ಸಲಹೆಗಾರರಾಗಿದ್ದರು; ಅದೇ ಕೇಂದ್ರಕ್ಕೆ ಸಂಗೀತದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಸಲಹೆ ಸಿಕ್ಕಿತ್ತು. ಇಂಥ ಜೋಡಿ ಇನ್ನಾವ ಕಚೇರಿಗೆ ದಕ್ಕಿತ್ತು!

ರಾತ್ರಿ

ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ 1952ರಲ್ಲಿ ಶುರುವಾದಾಗಿನಿಂದ ರೇಡಿಯೊದ ರಾತ್ರಿ ದೊಡ್ಡ ಕಛೇರಿಗೆ ಮೀಸಲು. ರಾತ್ರಿಗೆ ಇನ್ನೊಂದು ಅನುಕೂಲವಿದೆ. ಹಗಲಿನಲ್ಲಿ ಬಾನಿನ ಕೆಳಪದರವೊಂದು ಮಧ್ಯಮ ತರಂಗವನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ತರಂಗ ಮೇಲಿನ ಪದರಕ್ಕೆ ಬಡಿದು ನೂರಾರು ಮೈಲು ದೂರದಲ್ಲಿ ಇಳಿಯುತ್ತದೆ. ಹಗಲಿಡೀ ಸಿಗದ ಧಾರವಾಡ ರಾತ್ರಿ ಬೆಂಗಳೂರಿನ ಕಿಟಕಿಗೆ ಬರಬಹುದು. ಮುಳ್ಳು ಸರಿಸಿದರೆ ತಮಿಳಿನಲ್ಲೋ ತೆಲುಗಿನಲ್ಲೋ ಪ್ರಕಟಣೆ, ಅದರ ಹಿಂದೆ ನಾಗಸ್ವರ. ಧ್ವನಿ ಅಲೆಯಂತೆ ಏರಿ ಇಳಿಯುತ್ತದೆ. ತಿರುಗಿಸಿ ಸರಿಪಡಿಸಲು ಹೋಗಬೇಡಿ, ತಾನೇ ಮರಳುತ್ತದೆ.

ದಿನ ಮುಗಿದ ಮೇಲೆ ಹಾಳೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಉಳಿದ ರಾಗಗಳನ್ನು ಬಲ್ಲವರಲ್ಲಿ ಕೇಳಲು ಎತ್ತಿಡಿ. ಮುಂದಿನ ಭಾನುವಾರದವರೆಗೆ ಸೆಟ್ಟು ಮುಟ್ಟುವುದಿಲ್ಲವೆಂದಾದರೆ ಸೆಲ್ ತೆಗೆದಿಡಿ. ಒಳಗೇ ಸೋರಿದರೆ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ.